485ರ ಪೀಕು

ರಾತ್ರಿ ಹನ್ನೊಂದೂವರೆಗೆ ಸರ್‌ಗೆ ವಾಟ್ಸಾಪ್ ಮಾಡಿಬಿಟ್ಟೆ: "ಸರ್, 485ರಲ್ಲಿ ಹೊಸ ಪೀಕ್. ಕೋಲ್ಡ್‌ನಲ್ಲಿ ಮಾತ್ರ ಬರ್ತಿದೆ." ಕೊನೆಗೊಂದು ರಾಕೆಟ್ ಎಮೋಜಿ ಬೇರೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಸ್ಯಾಂಪಲ್ಲು 1ಟಿ ಟ್ಯಾಂಟಲಮ್ ಡೈಸಲ್ಫೈಡ್. ಟೇಪ್ ಅಂಟಿಸಿ ಕಿತ್ತರೆ ಪದರ ಪದರವಾಗಿ ಏಳುವ ಹರಳು. ತಣ್ಣಗಾಗುತ್ತ 180 ಕೆಲ್ವಿನ್ ಆಸುಪಾಸಿಗೆ ಬಂದರೆ ಹದಿಮೂರು ಹದಿಮೂರು ಟ್ಯಾಂಟಲಮ್ ಪರಮಾಣುಗಳು ನಕ್ಷತ್ರದಾಕಾರದಲ್ಲಿ ಗುಂಪುಗೂಡಿದ ವಿನ್ಯಾಸ ಹರಳಿಗೆ ಬೀಗ ಹಾಕಿಕೊಂಡಂತೆ ಕೂರುತ್ತದೆ; ಎಲೆಕ್ಟ್ರಾನುಗಳ ಓಡಾಟ ನಿಂತು ಗ್ಯಾಪ್, ಅಂದರೆ ಎಲೆಕ್ಟ್ರಾನುಗಳಿಗೆ ಜಾಗವಿಲ್ಲದ ಶಕ್ತಿಯ ಅಂತರ, ತೆರೆಯುತ್ತದೆ. ನಮಗೆ ಬೇಕಿದ್ದದ್ದು ಆ ಗ್ಯಾಪ್‌ನ ಗುರುತು. 532 ನ್ಯಾನೋಮೀಟರ್‌ನ ಹಸಿರು ಲೇಸರ್, ರಾಮನ್: ಹರಳಿಗೆ ಲೇಸರ್ ಬಿಟ್ಟು, ಚದುರಿ ಬಂದ ಬೆಳಕಿನ ಬಣ್ಣ ಎಷ್ಟು ಸರಿದಿದೆ ಅಂತ ಅಳೆಯುವುದು; 485 ಅನ್ನುವುದು ಆ ಸರಿತದ ಲೆಕ್ಕ, cm⁻¹ನಲ್ಲಿ. ಎಲೆಕ್ಟ್ರಾನಿಕ್ ಸಿಗ್ನಲ್ ತೀರಾ ಬಡಕಲು. ಪವರ್ ಏರಿಸಿದರೆ ಸ್ಪಾಟ್ ಬಿಸಿಯಾಗುತ್ತೆ. ಹಾಗಾಗಿ 80 ಕೆಲ್ವಿನ್‌ನಲ್ಲಿ ಹತ್ತು ಹತ್ತು ನಿಮಿಷ ಅಕ್ಯುಮುಲೇಶನ್, ಅಂದರೆ ಅಷ್ಟು ಹೊತ್ತು ಬೆಳಕು ಕೂಡಿಸುವುದು. ರೂಮ್ ಟೆಂಪರೇಚರ್‌ನದ್ದನ್ನು ಮಧ್ಯಾಹ್ನವೇ ಮೂವತ್ತು ಸೆಕೆಂಡಿನಲ್ಲಿ ಮುಗಿಸಿ ಕೈತೊಳೆದುಕೊಂಡಿದ್ದೆ.

ಸರ್ ಉತ್ತರ ಒಂದೇ ಸಾಲು: "ಶಟರ್ ಮುಚ್ಚಿ ಒಂದು ತಗೊಂಡ್ಯೇನಮ್ಮಾ?"

ತಗೊಂಡಿರಲಿಲ್ಲ. ಲೇಸರ್ ಶಟರ್ ಮುಚ್ಚಿದೆ, ಸ್ಟಾರ್ಟ್ ಒತ್ತಿದೆ. ಹತ್ತು ನಿಮಿಷ. ಪಂಪ್ ಗುರ್ ಅನ್ನುತ್ತಿತ್ತು. ಫೋನ್ ಬೋರಲು ಹಾಕಿದೆ. ನಾಲ್ಕನೇ ನಿಮಿಷಕ್ಕೆ ಸ್ಟಾಪ್ ಒತ್ತಿ, ಸಾಫ್ಟ್‌ವೇರ್ ಹ್ಯಾಂಗ್ ಆಯ್ತು ಅಂತ ಹೇಳೋಣವಾ ಅನ್ನಿಸಿದ್ದೂ ಸುಳ್ಳಲ್ಲ. ಕೊನೆಗೆ ಸ್ಪೆಕ್ಟ್ರಮ್ ಬಂತು. ಫೋನಾನ್‌ಗಳೆಲ್ಲ, ಅಂದರೆ ಹರಳಿನ ಕಂಪನದ ಪೀಕುಗಳೆಲ್ಲ, ಮಾಯ, ಗೆರೆ ಚಪ್ಪಟೆ. 485ರಲ್ಲಿ ಮಾತ್ರ ಗೂಟ ಹೊಡೆದ ಹಾಗೆ ಅದೇ ಪೀಕು.

ತಲೆ ಎತ್ತಿದೆ. ಟ್ಯೂಬ್‌ಲೈಟ್. ಕತ್ತಲಲ್ಲಿ ಲಿಕ್ವಿಡ್ ನೈಟ್ರೋಜನ್ ತುಂಬಲು ಹೆದರಿ ಹಾಕಿದವಳು ಆರಿಸಿಯೇ ಇರಲಿಲ್ಲ. ಟ್ಯೂಬ್‌ಲೈಟ್ ಒಳಗಿನ ಪಾದರಸದ ಹಸಿರು ಗೆರೆ 546.1 ನ್ಯಾನೋಮೀಟರ್, 532ರಿಂದ ಲೆಕ್ಕ ಹಾಕಿದರೆ ಸರಿಯಾಗಿ 485ರ ಹತ್ತಿರ ಬಂದು ಕೂರುತ್ತದೆ. ಸಿ.ವಿ. ರಾಮನ್ ಬೇಕೆಂದೇ ಪಾದರಸದ ದೀಪ ಹಚ್ಚಿ ಕೆಲಸ ಮಾಡಿದವರು. ನಾನು ಅದೇ ದೀಪಕ್ಕೆ ಹೊಸ ಫಿಸಿಕ್ಸ್ ಅಂತ ಹೆಸರಿಟ್ಟೆ.

ಮೈಕ್ರೋಸ್ಕೋಪಿಗೊಂದು ಕಪ್ಪು ಡಬ್ಬ ಬೇಕು ಅಂತ ಇಂಡೆಂಟ್ ಹಾಕಿ ವರ್ಷವಾಗಿದೆ. ಪರ್ಚೇಸ್‌ನವರು ಮೂರು ಕೊಟೇಶನ್ ಕೇಳುತ್ತಾರೆ, ಕೊಟ್ಟರೆ ನಾಲ್ಕನೆಯದು ಕೇಳುತ್ತಾರೆ. ಆದರೆ ಸ್ವಿಚ್ ಆರಿಸುವುದಕ್ಕೆ ಯಾರ ಸಹಿಯೂ ಬೇಕಿರಲಿಲ್ಲ, ಬಿಡಿ.

ಅದಕ್ಕಿಂತ ಹೊಟ್ಟೆ ಉರಿಸಿದ್ದು ಮುಂದಿನ ವಾರ. ರೂಮ್ ಟೆಂಪರೇಚರ್‌ನದ್ದನ್ನೂ ಹತ್ತು ನಿಮಿಷ, ಕತ್ತಲಲ್ಲಿ ಮತ್ತೆ ತೆಗೆದು ಎರಡರ ರಾ ಫೈಲನ್ನೂ ಒಂದರ ಮೇಲೊಂದು ಹಾಕಿದೆ. ಕೋಲ್ಡ್‌ನಲ್ಲಿ ಕೆಳಗಿನ ಬ್ಯಾಕ್‌ಗ್ರೌಂಡ್ ಚೆನ್ನಾಗಿ ಕುಸಿದಿತ್ತು. ಹುಡುಕುತ್ತಿದ್ದ ಗ್ಯಾಪ್ ಅದೇ. ಪ್ಲಾಟ್ ಅಂದವಾಗಿ ಕಾಣಲಿ ಅಂತ ಆ ರಾತ್ರಿ ಆ ಬ್ಯಾಕ್‌ಗ್ರೌಂಡನ್ನೇ ಬೇಸ್‌ಲೈನ್ ಅಂತ ಸಬ್‌ಟ್ರ್ಯಾಕ್ಟ್ ಮಾಡಿ ಬಿಸಾಕಿದ್ದೆ.