ಟೈರ್ ಬೋಳಾಗಿವೆ, ಕೈಯಲ್ಲಿ ರೊಕ್ಕ ಕಡಿಮೆ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಹೋದ ವಾರ ಕಾರಟಗಿಯಿಂದ ಒಬ್ಬ ಹುಡುಗ ಫೋನ್ ಮಾಡಿದ. ಅವನದು ಹನ್ನೆರಡು ವರ್ಷದ ಹಳೇ ಬೊಲೆರೊ ಪಿಕಪ್. "ಅಣ್ಣಾ, ನಾಕೂ ಟೈರ್ ಬೋಳಾಗ್ಯಾವ. ಕೈಯಾಗ ಹದಿನೈದು ಸಾವಿರ ಐತಿ, ಅಷ್ಟ. ನಾಕೂ ಸೆಕೆಂಡ್ಸ್ ಹಾಕಿಸಿಬಿಡ್ಲೇನು?" ಸೆಕೆಂಡ್ಸ್ ಅಂದರೆ ಬೇರೆಯವರು ಓಡಿಸಿ ಬಿಟ್ಟ ಟೈರ್.

ಗಂಗಾವತಿಯಲ್ಲಿ ಹದಿನೇಳು ವರ್ಷದಿಂದ ಪಿಕಪ್ ಓಡಿಸುತ್ತಿದ್ದೇನೆ. ಭತ್ತ, ಅಕ್ಕಿ, ಗೊಬ್ಬರ, ಮನೆ ಸಾಮಾನು, ಎಲ್ಲ ಹೊತ್ತಿದ್ದೇನೆ. ಬೇಸಿಗೆ ಶುರುವಾದರೆ ಸಾಕು, ಈ ಒಂದು ಪ್ರಶ್ನೆ ಯಾರಾದರೂ ಕೇಳುತ್ತಲೇ ಇರುತ್ತಾರೆ. ನನ್ನ ಉತ್ತರ ಇಷ್ಟು: ನಾಲ್ಕು ಸೆಕೆಂಡ್ಸ್ ಬೇಡ. ಎರಡು ಹೊಸ ಟೈರ್ ತಗೊಂಡು ಹಿಂದೆ ಹಾಕಿಸಿ. ಹಳೆಯದರಲ್ಲಿ ಗಟ್ಟಿ ಇರುವ ಎರಡನ್ನು ಮುಂದೆ ಹಾಕಿಸಿ. ಆದರೆ ಅದಕ್ಕೂ ಮೊದಲು ಹಳೇ ಟೈರ್ ಯಾಕೆ ಸವೆದವು ಅಂತ ನೋಡಿ.

ನಾನು ಆ ಹುಡುಗನಿಗೆ ಅಂದೆ, "ತಮ್ಮಾ, ಮೊದ್ಲ ಒಂದು ಕಡ್ಡಿಪೆಟ್ಟಿಗೆ ತಗೊಂಡು ಗಾಡಿ ಪಕ್ಕ ಕುಂದ್ರು." ಮರದ ಬೆಂಕಿಕಡ್ಡಿಯ ದಪ್ಪ ಸುಮಾರು 2 ಮಿ.ಮೀ. ಕಡ್ಡಿಯನ್ನು ಟೈರಿನ ಗೆರೆಯೊಳಗೆ ಉದ್ದಕ್ಕೆ ಮಲಗಿಸಿ ಬೆರಳಾಡಿಸಬೇಕು. ಕಡ್ಡಿ ಒಳಗೇ ಮುಳುಗಿದರೆ ಇನ್ನೂ ಜೀವ ಇದೆ. ಕಡ್ಡಿ ಬೆರಳಿಗೆ ತಾಗಿದರೆ ಆ ಟೈರ್ ಮುಗಿಯಿತು ಅಂತಲೇ ಅರ್ಥ, ಯಾಕಂದರೆ 1.6 ಮಿ.ಮೀ.ಗಿಂತ ಕೆಳಗೆ ಇಳಿದ ಟೈರ್ ಓಡಿಸುವ ಹಾಗೇ ಇಲ್ಲ. ಗೆರೆಗಳ ನಡುವೆ ಅಲ್ಲಲ್ಲಿ ಸಣ್ಣ ದಿಬ್ಬ ಇರುತ್ತದೆ, ಅದು ಇದೇ ಲೆಕ್ಕ ಹೇಳುವ ಗುರುತು. ಮೇಲಿನ ರಬ್ಬರ್ ಸವೆದು ದಿಬ್ಬದ ಮಟ್ಟಕ್ಕೆ ಬಂದರೆ ಟೈರ್ ಬದಲಿಸಬೇಕು. ಒಂದೇ ಕಡೆ ನೋಡಬೇಡಿ. ಒಳಅಂಚು, ನಡು, ಹೊರಅಂಚು, ಮೂರೂ ಕಡೆ ನೋಡಿ. ಒಳಅಂಚು ಕಣ್ಣಿಗೆ ಬೀಳುವುದಿಲ್ಲ, ಬಹಳ ಜನ ಅಲ್ಲೇ ಮೋಸ ಹೋಗುತ್ತಾರೆ.

ಅರ್ಧ ಗಂಟೆ ಬಿಟ್ಟು ಮತ್ತೆ ಫೋನ್ ಬಂತು. ಹಿಂದಿನ ಎರಡೂ ಹೋಗಿದ್ದವು. ಮುಂದಿನ ಎರಡರಲ್ಲಿ ಕಡ್ಡಿ ಮುಳುಗಿ ಮೇಲೆ ಇನ್ನೂ ಜಾಗ ಉಳಿಯುತ್ತಿತ್ತು. ಆದರೆ ಎಡಗಡೆಯದರ ಒಳಅಂಚು ಮಾತ್ರ ಸ್ವಲ್ಪ ಜಾಸ್ತಿ ಸವೆದಿತ್ತು. ನಾಲ್ಕೂ ಒಟ್ಟಿಗೆ ಬೋಳಾಗುವುದು ಅಪರೂಪ.

ಸವೆದ ರೀತಿ ನೋಡಿದರೆ ಟೈರೇ ಕಥೆ ಹೇಳುತ್ತದೆ. ನಡುವೆ ಮಾತ್ರ ಸವೆದಿದ್ದರೆ ಹವಾ ಜಾಸ್ತಿ ತುಂಬಿಸಿದ್ದೀರಿ. ಎರಡೂ ಅಂಚು ಸವೆದು ನಡು ಚೆನ್ನಾಗಿದ್ದರೆ ಹವಾ ಕಡಿಮೆ, ಇಲ್ಲವೇ ಲೋಡ್ ಜಾಸ್ತಿ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಅಂದರೆ ಚಕ್ರ ನೇರ ಇಲ್ಲ, ಅಥವಾ ಚಕ್ರ ಹಿಡಿದಿಡುವ ಬುಷ್, ಬಾಲ್ ಜಾಯಿಂಟ್ ಸಡಿಲ ಆಗಿವೆ. ಅಲ್ಲಲ್ಲಿ ಗುಳಿ ಬಿದ್ದ ಹಾಗೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ನೋಡಿಸಿ. ಹಳೇ ಗಾಡಿಯಲ್ಲಿ ಇದನ್ನು ಸರಿ ಮಾಡದೆ ಹೊಸ ಟೈರ್ ಹಾಕಿದರೆ ಅವೂ ಅದೇ ದಾರಿ ಹಿಡಿಯುತ್ತವೆ. ಅದಕ್ಕೇ ಆ ಹುಡುಗನಿಗೆ ಹದಿನೈದು ಸಾವಿರವನ್ನೂ ಟೈರಿಗೇ ಹಾಕಬೇಡ ಅಂದೆ. ಎಡಗಡೆಯ ಬುಷ್ ಮತ್ತು ಅಲೈನ್‌ಮೆಂಟಿಗೆ ಸ್ವಲ್ಪ ತೆಗೆದಿಡಲೇಬೇಕು.

ಈಗ ಸೆಕೆಂಡ್ಸ್ ವಿಷಯ. ಸುಮ್ನೆ ಬೇಡ ಅಂದರೆ ಯಾರೂ ಕೇಳುವುದಿಲ್ಲ, ಲೆಕ್ಕವನ್ನೇ ಹಾಕಿ ನೋಡೋಣ. ಅವನಿಗೆ ಅಂಗಡಿಯಲ್ಲಿ ಹೊಸ ಟೈರಿಗೆ ಹೇಳಿದ ರೇಟು 5,900. ಸೆಕೆಂಡ್ಸ್‌ಗೆ 2,200. ಹೊಸದರಲ್ಲಿ ಗೆರೆ 9 ಮಿ.ಮೀ. ಆಳ ಇದೆ ಅಂತಿಟ್ಟುಕೊಳ್ಳಿ. 2 ಮಿ.ಮೀ.ಗೆ ಬಂದಾಗ ತೆಗೆಯಬೇಕು, ಅಂದರೆ ನಮಗೆ ಓಡಿಸಲು ಸಿಗುವುದು 7 ಮಿ.ಮೀ. ಒಂದು ಮಿ.ಮೀ.ಗೆ ಸುಮಾರು 840 ರೂಪಾಯಿ ಬಿತ್ತು. ಸೆಕೆಂಡ್ಸ್‌ನಲ್ಲಿ ಉಳಿದಿರುವುದೇ 4 ಮಿ.ಮೀ. ಅದರಲ್ಲಿ ಓಡಿಸಲು ಸಿಗುವುದು 2. ಒಂದು ಮಿ.ಮೀ.ಗೆ 1,100 ಬಿತ್ತು. ಮೇಲೆ ಕೂರಿಸುವ ಕೂಲಿ ಎರಡು ಸಲ, ಕೆಲಸ ಬಿಟ್ಟು ನಿಲ್ಲುವ ದಿನವೂ ಎರಡು. ಕಡಿಮೆ ರೇಟಿನ ಟೈರೇ ತುಟ್ಟಿ ಆಯಿತು, ಅಲ್ವಾ?

ಇದು ಒಳ್ಳೇ ಸೆಕೆಂಡ್ಸ್ ಸಿಕ್ಕರೆ ಬರುವ ಲೆಕ್ಕ. ಕೆಟ್ಟದ್ದು ಸಿಕ್ಕರೆ ಏನಾಗುತ್ತದೆ ಅಂತ ನನಗೆ ಗೊತ್ತು. ಕೆಲವು ವರ್ಷದ ಹಿಂದೆ ಹೆದ್ದಾರಿ ಪಕ್ಕದ ಒಂದು ಅಂಗಡಿಯಲ್ಲಿ ಎರಡು ಟೈರ್ ತಗೊಂಡೆ. ಕಪ್ಪಗೆ ಮಿರಮಿರ ಮಿಂಚುತ್ತಿದ್ದವು. ಗೆರೆ ಆಳವಾಗಿಯೇ ಕಾಣುತ್ತಿತ್ತು. ಹನ್ನೆರಡನೇ ದಿನ ಭತ್ತ ಹೇರಿಕೊಂಡು ಸಿಂಧನೂರಿಗೆ ಹೊರಟಿದ್ದೆ. ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಹಿಂದಿನ ಬಲಗಡೆ ಟೈರ್ ಸಿಡಿಯಿತು. ಗಾಡಿ ವಾಲಿ ಎಂಟು ಚೀಲ ರಸ್ತೆಗೆ ಬಿದ್ದವು, ಮೂರು ಹರಿದವು. ನಾನು, ನನ್ನ ಭಾವಮೈದುನ ಸೇರಿ ಬಿಸಿ ಡಾಂಬರಿನ ಮೇಲೆ ಕೂತು ಕಸಬರಿಗೆಯಲ್ಲಿ ಭತ್ತ ಗುಡಿಸಿದೆವು.

ಸಂಜೆ ಆ ಟೈರ್ ಬಿಚ್ಚಿಸಿ ನೋಡಿದೆ. ಒಳಗಡೆ ಕೈ ಹಾಕಿದರೆ ಕರೀ ರಬ್ಬರ್ ಪುಡಿ, ಒಂದು ಹಿಡಿ ಆಗುವಷ್ಟು. ಟೈರಿನ ಪಕ್ಕದ ಗೋಡೆಯ ಒಳಮೈ ಸುತ್ತ ಉಜ್ಜಿ ಉಜ್ಜಿ ಉಂಗುರದ ಹಾಗೆ ಗೆರೆ ಮೂಡಿತ್ತು. ಮೊದಲಿನ ಮಾಲೀಕ ಹವಾ ಇಲ್ಲದೆ ಬಹಳ ದೂರ ಓಡಿಸಿದ್ದ, ಗೋಡೆ ಮಡಚಿ ಮಡಚಿ ಒಳಗೇ ಸತ್ತುಹೋಗಿತ್ತು. ಇನ್ನೊಂದು ಟೈರಿನ ಗೆರೆಗಳನ್ನು ಚೂಪು ಕತ್ತಿಯಿಂದ ಕೊರೆದು ಆಳ ಮಾಡಿದ್ದರು. ಗೆರೆಯ ತಳದಲ್ಲಿ ನೂಲು ಇಣುಕುತ್ತಿತ್ತು. ಕೊರೆದಿದ್ದಾರೋ ಇಲ್ಲವೋ ಅಂತ ತಿಳಿಯಲು ಮೊದಲು ಹೇಳಿದ ಆ ದಿಬ್ಬಗಳನ್ನೇ ಹುಡುಕಿ. ಕೊರೆಯುವಾಗ ಅವೂ ಕತ್ತರಿಸಿಹೋಗಿರುತ್ತವೆ. ಗೆರೆ ಆಳ ಇದೆ, ದಿಬ್ಬ ಇಲ್ಲ ಅಂದರೆ ಆ ಟೈರ್ ಮುಟ್ಟಬೇಡಿ. ತೀರಾ ತಗೊಳ್ಳಲೇಬೇಕು ಅಂದರೆ ಚಕ್ರದ ಕಬ್ಬಿಣದ ಡಿಸ್ಕಿನಿಂದ ಬಿಚ್ಚಿದ ಟೈರನ್ನೇ ನೋಡಿ ತಗೊಳ್ಳಿ, ಒಳಗೆ ಕೈಯಾಡಿಸಿ. ಬಿಚ್ಚಿ ತೋರಿಸಲ್ಲ ಅಂದರೆ ಎದ್ದು ಬನ್ನಿ.

ಎರಡು ಹೊಸದು ಹಿಂದೆ ಅಂದಾಗ ನೂರಕ್ಕೆ ತೊಂಬತ್ತು ಜನ ವಾದಕ್ಕೆ ಇಳಿಯುತ್ತಾರೆ. "ಸ್ಟೇರಿಂಗ್ ಮುಂದ ಐತಿ, ಹೊಸಾದು ಮುಂದ ಇರಬೇಕಲ್ಲಣ್ಣಾ?" ನಾನೂ ಹಾಗೇ ನಂಬಿದ್ದೆ. ಒಂದು ಜೂನ್‌ನಲ್ಲಿ ಕೊಪ್ಪಳದಲ್ಲಿ ಮಾಲು ಇಳಿಸಿ ಖಾಲಿ ಗಾಡಿಯಲ್ಲಿ ವಾಪಸ್ ಬರುತ್ತಿದ್ದೆ. ಆ ವರ್ಷದ ಮೊದಲ ಮಳೆ. ಬೇಸಿಗೆಯ ಧೂಳು, ಲಾರಿಗಳ ಆಯಿಲ್ ಎಲ್ಲ ಸೇರಿ ರಸ್ತೆ ಸೋಪು ಹಚ್ಚಿದ ಹಾಗಾಗಿತ್ತು. ತಿರುವಿನಲ್ಲಿ ಎಕ್ಸಲೇಟರ್ ಬಿಟ್ಟೆ, ಅಷ್ಟೇ. ಹಿಂಭಾಗ ತಾನೇ ಮುಂದೆ ಬರಲು ನೋಡಿತು. ಗಾಡಿ ಪೂರ್ತಿ ತಿರುಗಿ, ಬಂದ ದಾರಿಗೇ ಮುಖ ಮಾಡಿ ಹೊಲದ ಬದುವಿಗೆ ತಾಗಿ ನಿಂತಿತು. ಮುಂದಿನ ಟೈರ್ ಎರಡೂ ಹೊಸವು. ಹಿಂದೆ ಬೋಳು.

ಆಮೇಲೆ ಅರ್ಥ ಮಾಡಿಕೊಂಡೆ. ಪಿಕಪ್ ಖಾಲಿ ಇದ್ದಾಗ ಭಾರವೆಲ್ಲ ಇಂಜಿನ್ ಇರುವ ಮುಂಭಾಗದಲ್ಲಿ. ಹಿಂದೆ ಹಗುರ. ನೂಕುವುದೂ ಹಿಂದಿನ ಚಕ್ರವೇ. ಮುಂದಿನ ಟೈರ್ ಜಾರಿದರೆ ಸ್ಟೇರಿಂಗ್ ಹಗುರ ಆಗಿ ಕೈಗೆ ಗೊತ್ತಾಗುತ್ತದೆ, ನಿಧಾನ ಮಾಡಿದರೆ ಹಿಡಿತ ವಾಪಸ್ ಬರುತ್ತದೆ. ಹಿಂದಿನದು ಜಾರಿದರೆ ತಿಳಿಯುವಷ್ಟರಲ್ಲಿ ಗಾಡಿ ತಿರುಗಿರುತ್ತದೆ. ಟೈರ್ ಕಂಪನಿಯವರೂ ಎರಡೇ ಬದಲಿಸುವುದಾದರೆ ಹೊಸ ಜೋಡಿ ಹಿಂದೆ ಇರಲಿ ಅಂತಲೇ ಹೇಳುತ್ತಾರೆ. ಆದರೆ ಮುಂದೆ ಹಾಕುವ ಹಳೇ ಎರಡು ನಿಜವಾಗಿಯೂ ಗಟ್ಟಿ ಇರಬೇಕು. ಬಿರುಕು, ಉಬ್ಬು, ಕಡಿತ ಇರಬಾರದು. ನಾಲ್ಕೂ ಮುಗಿದಿದ್ದರೆ ನಾಲ್ಕೂ ಬೇಕು, ಅಲ್ಲಿ ನನ್ನ ಹತ್ತಿರ ಅಡ್ಡದಾರಿ ಇಲ್ಲ. ಪರಿಚಯದ ಅಂಗಡಿಯವರು ಸುಗ್ಗಿ ತನಕ ಉದ್ರಿ ಕೊಡುತ್ತಾರೆ, ಕೇಳಿ. ನಿಮ್ಮದೇ ಹಳೇ ಟೈರಿನ ಗೋಡೆ ಚೆನ್ನಾಗಿದ್ದರೆ ಅದಕ್ಕೆ ರೀಟ್ರೇಡಿಂಗ್, ಅಂದರೆ ಮೇಲೆ ಹೊಸ ರಬ್ಬರ್ ಪದರ, ಮಾಡಿಸಿ ಹಿಂದೆ ಹಾಕಬಹುದು. ಮುಂದೆ ಮಾತ್ರ ಬೇಡ.

ಇನ್ನು ಅಂಗಡಿಗೆ ಹೋದಾಗ. ನಿಮ್ಮ ಟೈರ್ ಮೇಲೆ 215/75 ಆರ್15 ಅಂತ ಇದೆ ಅಂದುಕೊಳ್ಳಿ. ಅದೇ ಸೈಜಿನಲ್ಲಿ ಜೀಪಿನಂಥ ಗಾಡಿಗೆ ಮಾಡಿದ್ದೂ ಸಿಗುತ್ತದೆ, ಲೋಡ್ ಗಾಡಿಗೆ ಮಾಡಿದ್ದೂ ಸಿಗುತ್ತದೆ. ಮೊದಲನೆಯದು ಅಗ್ಗ. ಸೈಜಿನ ಪಕ್ಕದ ನಂಬರ್ ನೋಡಿ. 100 ಅಂತಿದ್ದರೆ ಆ ಟೈರ್ ಹೊರುವುದು 800 ಕೆ.ಜಿ. 108 ಅಂತಿದ್ದರೆ 1,000 ಕೆ.ಜಿ. ನಮ್ಮ ಕಡೆ ಭತ್ತದ ಚೀಲ 75 ಕೆ.ಜಿ. ಇಪ್ಪತ್ತು ಚೀಲ ಹೇರಿದರೆ 1,500 ಕೆ.ಜಿ. ಅದರಲ್ಲಿ ಬಹುಪಾಲು ಹಿಂದಿನ ಎರಡು ಟೈರ್ ಮೇಲೆಯೇ ಕೂರುತ್ತದೆ, ಗಾಡಿಯ ಸ್ವಂತ ತೂಕ ಬೇರೆ. 800ರ ಎರಡು ಟೈರ್ ಇದಕ್ಕೆ ಹೇಗೆ ಸಾಕಾಗುತ್ತವೆ? ಪಾಟಾಗೆ, ಅಂದರೆ ಹಿಂದಿನ ಪಟ್ಟಿ ಸ್ಪ್ರಿಂಗಿಗೆ, ಇನ್ನೊಂದು ಎಲೆ ಸೇರಿಸಿದ್ದೇನೆ, ಏನೂ ಆಗಲ್ಲ ಅನ್ನುವವರಿದ್ದಾರೆ. ಎಲೆ ಸೇರಿಸಿದರೆ ಗಾಡಿ ಕೆಳಗೆ ಕೂರುವುದಿಲ್ಲ, ನಿಜ. ಟೈರಿನ ತಾಕತ್ತು ಒಂದು ಕೆ.ಜಿ.ಯೂ ಹೆಚ್ಚುವುದಿಲ್ಲ. ಆರ್‌ಸಿಯಲ್ಲಿ ಬರೆದ ತೂಕವನ್ನು ದಾಟಬೇಡಿ.

ತಯಾರಾದ ದಿನವನ್ನೂ ನೋಡಿ. ಗೋಡೆ ಮೇಲೆ ನಾಲ್ಕು ಅಂಕಿ ಇರುತ್ತದೆ. 2324 ಅಂದರೆ 2024ನೇ ಇಸವಿಯ 23ನೇ ವಾರ. ಅಂಗಡಿಯಲ್ಲಿ ನಾಲ್ಕು ವರ್ಷ ಕೂತ ಟೈರನ್ನು ಹೊಸದರ ರೇಟಿಗೆ ತಗೊಳ್ಳಬೇಡಿ. ನಮ್ಮ ರಾಯಚೂರು, ಕೊಪ್ಪಳದ 40 ಡಿಗ್ರಿ ಬಿಸಿಲಿನಲ್ಲಿ ರಬ್ಬರ್ ಮೊದಲೇ ಬೇಗ ಒಣಗುತ್ತದೆ. ಐಎಸ್‌ಐ ಗುರುತು ಇರಲೇಬೇಕು. ಯಾವ ಕಂಪನಿ ಒಳ್ಳೇದು ಅಂತಲೂ ಕೇಳುತ್ತಾರೆ. ಹೆಸರಾಂತ ಕಂಪನಿಗಳಲ್ಲಿ ಯಾವುದು ನಿಮ್ಮ ಸೈಜು, ನಿಮ್ಮ ಲೋಡಿಗೆ ಸರಿಯಾಗಿ ಸಿಗುತ್ತದೋ ಅದು. ಬಿಲ್ ಇಲ್ಲದೆ ಮಾತ್ರ ತರಬೇಡಿ, ವಾರಂಟಿ ಕೇಳಲು ಅದೇ ಬೇಕು. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. 5,000 ಮೂಲ ಬೆಲೆಯ ಟೈರ್ ಮೊದಲು 6,400 ಆಗುತ್ತಿತ್ತು, ಈಗ 5,900. ಬಿಲ್ಲಿನಲ್ಲಿ ಆ ಸಾಲನ್ನು ಓದಿ.

ಟೈರಿನಲ್ಲಿ ನೈಲಾನ್, ರೇಡಿಯಲ್ ಅಂತ ಎರಡು ಬಗೆ. ನೈಲಾನ್ ಒಂದು, ರೇಡಿಯಲ್ ಒಂದು ಒಂದೇ ಆಕ್ಸಲ್‌ಗೆ ಹಾಕಬೇಡಿ. ಟ್ಯೂಬ್ ಇರುವ ಗಾಡಿಯಾದರೆ ಹೊಸ ಟೈರಿಗೆ ಹೊಸ ಟ್ಯೂಬೇ ಇರಲಿ. ಹಳೇ ಟ್ಯೂಬ್ ಹಿಗ್ಗಿರುತ್ತದೆ, ಹೊಸ ಟೈರಿನೊಳಗೆ ಮಡಚಿಕೊಂಡು ಅಲ್ಲೇ ಉಜ್ಜಿ ತೂತಾಗುತ್ತದೆ. ಸ್ಟೆಪ್ನಿ ನೋಡುವುದನ್ನೂ ಮರೆಯಬೇಡಿ. ಗಾಡಿ ಕೆಳಗೆ ವರ್ಷಗಟ್ಟಲೆ ತೂಗಿ ಒಣಗಿರುತ್ತದೆ.

ಹವಾ ಬೆಳಿಗ್ಗೆ, ಟೈರ್ ತಣ್ಣಗಿದ್ದಾಗ ನೋಡಿಸಿ. ಲೋಡ್ ಇದ್ದಾಗ ಎಷ್ಟು, ಖಾಲಿ ಇದ್ದಾಗ ಎಷ್ಟು ಅಂತ ಗಾಡಿಯ ಪುಸ್ತಕದಲ್ಲಿ ಬೇರೆ ಬೇರೆ ಕೊಟ್ಟಿರುತ್ತಾರೆ. ಮಧ್ಯಾಹ್ನ ಓಡಿ ಬಿಸಿಯಾದಾಗ ಮೀಟರ್ ಜಾಸ್ತಿ ತೋರಿಸುತ್ತದೆ, ಅದು ಸಹಜ. ಬಿಸಿಲಿಗೆ ಸಿಡಿದೀತು ಅಂತ ಕೆಲವರು ಹವಾ ಇಳಿಸುತ್ತಾರೆ. ಅದು ಪೂರ್ತಿ ಉಲ್ಟಾ. ಹವಾ ಕಡಿಮೆ ಆದಷ್ಟೂ ಗೋಡೆ ಜಾಸ್ತಿ ಮಡಚುತ್ತದೆ, ಮಡಚಿದಷ್ಟೂ ಕಾಯುತ್ತದೆ. ಸಿಡಿಯುವುದು ಆಗಲೇ.

ಕಾರಟಗಿಯ ಹುಡುಗ ಎರಡು ಹೊಸದನ್ನೇ ತಗೊಂಡ, 11,800 ಆಯಿತು. ಉಳಿದ 3,200ರಲ್ಲಿ ಟ್ಯೂಬ್, ಎಡಗಡೆ ಬುಷ್, ಅಲೈನ್‌ಮೆಂಟ್ ಮುಗಿಸಿದ. ನಿನ್ನೆ ಗಾಡಿ ತೋರಿಸಲು ಗಂಗಾವತಿಗೇ ಬಂದಿದ್ದ. ನಾನು ಮೊದಲು ನೋಡಿದ್ದು ಚಕ್ರದ ನಟ್. ಹೊಸದಾಗಿ ಕೂರಿಸಿದ ಮೇಲೆ 50ರಿಂದ 100 ಕಿ.ಮೀ. ಓಡಿದರೆ ನಟ್ ಸ್ವಲ್ಪ ಸಡಿಲ ಆಗಬಹುದು. ಹಿಂದಿನ ಎಡಚಕ್ರದಲ್ಲಿ ಎರಡು ನಟ್ ಕಾಲು ಸುತ್ತು ತಿರುಗಿದವು. ಬಿಗಿ ಮಾಡಿ ಕಳಿಸಿದೆ.