ಎದೆನೋವಿನ ರಾತ್ರಿಗೆ ಒಟಿಪಿ ಯಾಕೆ?

ಮುಂಬಯಿಯ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಸರ್ಕಾರಿ ಯೋಜನೆಗಳ ಮೇಜು ನನ್ನದು. ಕಳೆದ ಮಳೆಗಾಲದ ಒಂದು ರಾತ್ರಿಯ ಸಿಟ್ಟು ನನಗೆ ಇನ್ನೂ ಆರಿಲ್ಲ.

ಮಾಟುಂಗಾ ಕಡೆಯ ಹೋಟೆಲೊಂದರ ಅಡುಗೆಯವರನ್ನು ಜೊತೆಗಾರರು ಟ್ಯಾಕ್ಸಿಯಲ್ಲಿ ಕರೆತಂದರು. ಊರು ಬೈಂದೂರಿನ ಹತ್ತಿರ. ಸಂಜೆಯೇ ಎದೆ ಹಿಡಿದಿತ್ತಂತೆ. ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಪಾಳಿ ಮುಗಿಸಿದ್ದರು. ಇಸಿಜಿಯಲ್ಲಿ ವಿ1ರಿಂದ ವಿ4ರವರೆಗಿನ ಗೆರೆಗಳಲ್ಲಿ ಎಸ್‌ಟಿ ಭಾಗ ಎದ್ದು ನಿಂತಿತ್ತು, ಅಂದರೆ ಹೃದಯಾಘಾತ. ಪಾಳಿಯಲ್ಲಿದ್ದ ಕಿರಿಯ ವೈದ್ಯರು, ಮುಚ್ಚಿದ ರಕ್ತನಾಳ ತೆರೆಯುವ ಕ್ಯಾಥ್‌ಲ್ಯಾಬ್‌ನ ತಂಡಕ್ಕೆ ಫೋನು ಮಾಡಿದರು. ಆಸ್ಪತ್ರೆಗೆ ಬಂದ 90 ನಿಮಿಷದೊಳಗೆ ಬಲೂನಿನಿಂದ ರಕ್ತನಾಳ ತೆರೆಯಬೇಕು ಎಂಬ ಲೆಕ್ಕ ಅಡುಗೆಯವರು ಬಾಗಿಲು ದಾಟಿದಾಗಲೇ ಶುರುವಾಗಿತ್ತು.

ಮುಂದಕ್ಕೆ ಹೋಗದೆ ನಿಂತದ್ದು ನನ್ನ ಕಂಪ್ಯೂಟರಿನ ಪರದೆ. ರೇಷನ್ ಕಾರ್ಡ್ ಕರ್ನಾಟಕದ್ದು, ಹಾಗಾಗಿ ಮಹಾರಾಷ್ಟ್ರ ಸರ್ಕಾರದ ಆರೋಗ್ಯ ಯೋಜನೆಯಾದ ಫುಲೆ ಯೋಜನೆ ಸಿಗಲಿಲ್ಲ. ಕೇಂದ್ರದ ಆಯುಷ್ಮಾನ್ ಭಾರತದಲ್ಲಿ ಬೇರೆ ರಾಜ್ಯದಲ್ಲೂ ಚಿಕಿತ್ಸೆ ಪಡೆಯಬಹುದು. ದುಡಿಯಲು ಊರು ಬಿಟ್ಟವರಿಗೆ 2018ರಿಂದ ದೊಡ್ಡ ಆಸರೆ ಅದು. ಆದರೆ ಆ ಕಾರ್ಡು ಊರಿನಲ್ಲಿತ್ತು, ಆಧಾರಿನ ಬೆರಳಚ್ಚು ಅಥವಾ ಒಟಿಪಿಯಿಂದಲೇ ಗುರುತು ಖಚಿತಪಡಿಸಬೇಕಿತ್ತು. ಒಲೆಯ ಮುಂದೆ ಸವೆದ, ಬೆವರಿನಲ್ಲಿ ತೊಯ್ದ ಬೆರಳನ್ನು ಯಂತ್ರ ಗುರುತಿಸಲಿಲ್ಲ. ಒಟಿಪಿ ಹೋದದ್ದು ಊರಿನಲ್ಲಿದ್ದ ಹೆಂಡತಿಯ ಮೊಬೈಲಿಗೆ.

ಅಲ್ಲಿ ಮಳೆ, ಸಿಗ್ನಲ್ ಬಂದು ಹೋಗುತ್ತಿತ್ತು. ಅಂತೂ ಫೋನು ಸೇರಿತು. ಆಕೆ ಅಳತೊಡಗಿದರು. 'ಅಮ್ಮ, ಅವರು ಮಾತಾಡುತ್ತಿದ್ದಾರೆ, ನೀವು ಮೊದಲು ಸಂಖ್ಯೆ ಓದಿ' ಎಂದೆ. ನಾಲ್ಕು ಅಂಕಿ ಓದಿದರು, ಲೈನ್ ಕಡಿಯಿತು. ಮತ್ತೆ ಸಿಗುವಷ್ಟರಲ್ಲಿ ಆ ಸಂಖ್ಯೆಯ ಅವಧಿ ಮುಗಿದಿತ್ತು. ಅತ್ತ ಬಿಲ್ಲಿಂಗ್ ಕೌಂಟರಿನಲ್ಲಿ ಠೇವಣಿ ಕೇಳುತ್ತಿದ್ದರು. ಜೊತೆಗಾರರು ಜೇಬು ತಡಕಿ ನೋಟುಗಳನ್ನು ಒಟ್ಟುಮಾಡುತ್ತಿದ್ದರು. ಒಂದೆರಡಕ್ಕೆ ದೋಸೆ ಹಿಟ್ಟು ಒಣಗಿ ಅಂಟಿತ್ತು. ಗಂಡಸರು ಹಾಗೆ ಬೆರಳು ಒದ್ದೆ ಮಾಡಿಕೊಂಡು ಹತ್ತು, ಇಪ್ಪತ್ತು ರೂಪಾಯಿ ಎಣಿಸುವುದನ್ನು ನೋಡಿ ನನಗೆ ಕುಳಿತಿರಲಾಗಲಿಲ್ಲ.

ಎದ್ದು ಹೋಗಿ, ಕೌಂಟರಿನ ಹಿಂದಿನ ಗೋಡೆಯಲ್ಲೇ ತೂಗುಹಾಕಿದ್ದ ಫಲಕವನ್ನು ತೋರಿಸಿದೆ. ಮಹಾರಾಷ್ಟ್ರ ಸಾರ್ವಜನಿಕ ನ್ಯಾಸ ಕಾಯ್ದೆಯ 41ಎಎ ಕಲಮಿನಡಿ, 2006ರ ಹೈಕೋರ್ಟ್ ಆದೇಶದಂತೆ ಧರ್ಮಾರ್ಥ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆಗಳನ್ನು ಬಡವರಿಗೆ ಉಚಿತವಾಗಿ, ಇನ್ನು ಶೇ. 10ರಷ್ಟನ್ನು ರಿಯಾಯಿತಿಯಲ್ಲಿ ಕೊಡಬೇಕು. ಒಟ್ಟು ಬಿಲ್ಲಿಂಗ್‌ನ ಶೇ. 2ರಷ್ಟನ್ನು ಬಡರೋಗಿಗಳ ನಿಧಿಗೆ ತೆಗೆದಿಡಬೇಕು. ತುರ್ತು ರೋಗಿಯನ್ನು ಠೇವಣಿ ಕೇಳದೆ ದಾಖಲಿಸಿಕೊಳ್ಳಬೇಕು. ಅಷ್ಟರಲ್ಲಿ ಹಿರಿಯ ಹೃದಯತಜ್ಞರು ಬಂದರು. ಕೇಸ್ ಪೇಪರಿನ ಮೇಲೆ 'ಜೀವರಕ್ಷಕ, ತಕ್ಷಣ' ಎಂದು ಬರೆದು ಸಹಿ ಹಾಕಿ ಸ್ಟ್ರೆಚರ್ ತಳ್ಳಿಸಿದರು. ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ಎಲ್ಎಡಿ ನಾಳ ಪೂರ್ತಿ ಮುಚ್ಚಿತ್ತು. ಅಡುಗೆಯವರು ಉಳಿದರು. ಯೋಜನೆಯ ಒಪ್ಪಿಗೆ ಬಂದದ್ದು ಬೆಳಿಗ್ಗೆ.

ನೀತಿ ಮಾಡುವವರ ಮೇಲೆ ನನಗೆ ಗೌರವವಿದೆ. 2017ರ ಫೆಬ್ರುವರಿಯಲ್ಲಿ ರಕ್ತನಾಳವನ್ನು ತೆರೆದಿಡುವ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ ಮಿತಿ ಹಾಕಿದಾಗ ಎಷ್ಟೋ ಮನೆಗಳ ಒಡವೆ ಉಳಿಯಿತು. ನನ್ನ ತಕರಾರು ಇಷ್ಟೇ: ತಿಂಗಳುಗಟ್ಟಲೆ ಕಾಯಬಲ್ಲ ಮಂಡಿ ಶಸ್ತ್ರಚಿಕಿತ್ಸೆಗೂ, ನಿಮಿಷ ನಿಮಿಷಕ್ಕೂ ಸ್ನಾಯು ಸಾಯುವ ಹೃದಯಾಘಾತಕ್ಕೂ ಗುರುತಿನ ತಪಾಸಣೆ ಒಂದೇ ಆಗಿರಬಾರದು. ಎಸ್‌ಟಿ ಎದ್ದ ಇಸಿಜಿಯೇ ತಾತ್ಕಾಲಿಕ ಒಪ್ಪಿಗೆ ಎಂದಾಗಬೇಕು. ಬೆರಳಚ್ಚು, ಒಟಿಪಿ ಎಲ್ಲ ಐಸಿಯುನಿಂದ ಹೊರಬಂದ ಮೇಲೆ.

ಹಾಗಾಗುವವರೆಗೆ ಇಲ್ಲಿನ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ನಮ್ಮವರು ಎರಡು ಕೆಲಸ ಮಾಡಲಿ. ಆಧಾರಿಗೆ ಜೇಬಿನಲ್ಲಿರುವ ಮೊಬೈಲ್ ಸಂಖ್ಯೆಯನ್ನೇ ಜೋಡಿಸಿ. ಆಯುಷ್ಮಾನ್ ಕಾರ್ಡನ್ನು ಇಂದೇ ಮಾಡಿಸಿ, ಅದರ ಫೋಟೊವನ್ನು ಪಕ್ಕದಲ್ಲಿ ಕೆಲಸ ಮಾಡುವವರ ಮೊಬೈಲಿಗೂ ಕಳುಹಿಸಿಡಿ. ಎದೆ ಹಿಡಿದರೆ ಸೋಡಾ ಬೇಡ, ಪಾಳಿ ಮುಗಿಯುವುದನ್ನೂ ಕಾಯಬೇಡಿ.