ಜಾತ್ರೆಯ ಮರುದಿನದ ತೂಕ

ಕಲಬುರಗಿಯಲ್ಲಿ ತೂಕ ಇಳಿಸುವ ಸಂಕಲ್ಪಗಳು ಬಹುತೇಕ ಜನವರಿಯ ಚಳಿಯಲ್ಲಿ ಹುಟ್ಟಿ ಏಪ್ರಿಲ್ ಬಿಸಿಲಿಗೆ ಒಣಗುತ್ತವೆ. ನನ್ನವೂ ಎರಡು ಸಲ ಒಣಗಿದವು. ಮೊದಲನೆಯ ಸಲ ರೊಟ್ಟಿ, ಅನ್ನ ಎರಡನ್ನೂ ಬಿಟ್ಟು, ಮೊಳಕೆಕಾಳು ಮತ್ತು ಸೌತೆಕಾಯಿಯಲ್ಲಿ ಐವತ್ತು ದಿನ ಕಳೆದು ಏಳು ಕಿಲೋ ಇಳಿಸಿದ್ದೆ. ಶರಣಬಸವೇಶ್ವರರ ಜಾತ್ರೆಯ ದಿನ ಮಾಲ್ಪುರಿ ಎಂಬ ಸಿಹಿ ತಿಂದು, ಮರುದಿನ ತೂಕ ಒಂದೂವರೆ ಕಿಲೋ ಏರಿದ್ದನ್ನು ಕಂಡವನು, ಹೇಗೂ ಕೆಟ್ಟಿತಲ್ಲ ಎಂದು ಎಲ್ಲವನ್ನೂ ಕೈಬಿಟ್ಟೆ. ಮಳೆಗಾಲ ಮುಗಿಯುವಷ್ಟರಲ್ಲಿ ಏಳರ ಜಾಗದಲ್ಲಿ ಒಂಬತ್ತು ಕಿಲೋ ಮರಳಿತ್ತು. ಎರಡನೆಯ ಸಲದ ಕಥೆಯೂ ಇದೇ. ಜಾತ್ರೆಯ ಬದಲು ಎಳ್ಳಮವಾಸ್ಯೆ ಎಂದು ಓದಿಕೊಂಡರೆ ಸಾಕು.

ಆ ಒಂದೂವರೆ ಕಿಲೋದ ಲೆಕ್ಕವನ್ನು ಅಂದೇ ಮಾಡಿದ್ದರೆ ನಾನು ನಿಲ್ಲಿಸುತ್ತಿರಲಿಲ್ಲ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಅಂದರೆ ಒಂದೂವರೆ ಕಿಲೋ ಕೊಬ್ಬು ಬೆಳೆಯಲು ದೇಹದ ಅಗತ್ಯಕ್ಕಿಂತ 11,500 ಕ್ಯಾಲೊರಿ ಹೆಚ್ಚು ತಿನ್ನಬೇಕು, ಅದು ಒಂದು ದಿನದಲ್ಲಿ ಆಗುವ ಮಾತಲ್ಲ. ಏರಿದ್ದು ಬಹುಪಾಲು ನೀರು. ಸಿಹಿ ಮತ್ತು ಪಿಷ್ಟದ ಒಂದು ಭಾಗ ಗ್ಲೈಕೋಜನ್ (ದೇಹ ಕೂಡಿಡುವ ಸಕ್ಕರೆ) ಆಗಿ ಸ್ನಾಯು ಹಾಗೂ ಯಕೃತ್ತಿನಲ್ಲಿ ಸೇರುವಾಗ ತನ್ನ ತೂಕದ ಸುಮಾರು ಮೂರು ಪಟ್ಟು ನೀರನ್ನು ಹಿಡಿದುಕೊಳ್ಳುತ್ತದೆ, ಉಪ್ಪು ಇನ್ನಷ್ಟು ನೀರನ್ನು ಉಳಿಸುತ್ತದೆ. ಊಟ ಎಂದಿನ ದಾರಿಗೆ ಬಂದರೆ ಮೂರು ನಾಲ್ಕು ದಿನಗಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ನನ್ನನ್ನು ಕೆಡಿಸಿದ್ದು ಮಾಲ್ಪುರಿಯಲ್ಲ, ಮರುದಿನದಿಂದ ನಡಿಗೆ ನಿಲ್ಲಿಸಿದ್ದು. ಈಗ ದಿನವೂ ತೂಕ ನೋಡುತ್ತೇನೆ, ಆದರೆ ವಾರದ ಸರಾಸರಿಯನ್ನು ಮಾತ್ರ ನಂಬುತ್ತೇನೆ.

ಮೂರನೆಯ ಸಲ ಶುರು ಮಾಡಿದ್ದು ಎರಡು ವರ್ಷಗಳ ಹಿಂದೆ. ಆಗ ತೂಕ 92 ಕಿಲೋ, ಸೊಂಟದ ಸುತ್ತಳತೆ 104 ಸೆಂಟಿಮೀಟರ್. ಭಾರತೀಯ ಗಂಡಸರಿಗೆ ಹೇಳುವ ಮಿತಿ 90. ಈ ಸಲ ರೊಟ್ಟಿ ಬಿಡುವುದಿಲ್ಲ ಎಂದಾಗ ಅವ್ವನಿಗೆ ಸಮಾಧಾನವಾಯಿತು: “ರೊಟ್ಟಿ ತಿಂದು ಯಾರೂ ಕೆಟ್ಟಿಲ್ಲ, ಎಣ್ಣಿ ಕಡಿಮಿ ಮಾಡ್ತೀನಿ, ಸುಮ್ಮ ಉಣ್ಣು.” ಅವ್ವನ ಮಾತು ಸರಿಯಾಗಿಯೇ ಇತ್ತು. ಜೋಳದಲ್ಲಿ ನಾರಿನಂಶ ಚೆನ್ನಾಗಿದೆ, ಅಗಿದು ತಿನ್ನಲು ಹೊತ್ತು ಹಿಡಿಯುತ್ತದೆ. ತೊಂದರೆ ಇದ್ದದ್ದು ರೊಟ್ಟಿಯ ಪಕ್ಕದಲ್ಲಿ: ಎಣ್ಣೆ ತೇಲುವ ಎಣ್ಣೆಗಾಯಿ, ಶೇಂಗಾ ಹಿಂಡಿಯ ಮೇಲೆ ಮತ್ತೆ ಸುರಿದ ಕುಸುಬಿ ಎಣ್ಣೆ. ನಾಲ್ವರ ಮನೆಯಲ್ಲಿ ಐದು ಲೀಟರ್ ಡಬ್ಬಿ ತಿಂಗಳಿಗೊಂದು ಮುಗಿಯುತ್ತಿತ್ತು, ಅಂದರೆ ತಲೆಗೆ ದಿನಕ್ಕೆ ಸುಮಾರು 38 ಗ್ರಾಂ. ಅದನ್ನು ಮೂರು ಲೀಟರಿಗೆ ಇಳಿಸಿದಾಗ ಯಾರೂ ಹಸಿದು ಮಲಗದೆ ಪ್ರತಿಯೊಬ್ಬರ ತಟ್ಟೆಯಿಂದ ದಿನಕ್ಕೆ ಸುಮಾರು 140 ಕ್ಯಾಲೊರಿ ಕಡಿಮೆಯಾಯಿತು. ಪ್ರತಿ ಊಟದ ಕ್ಯಾಲೊರಿಯನ್ನು ಮೊಬೈಲಿನಲ್ಲಿ ಬರೆದಿಡುವ ಸಾಹಸವನ್ನೂ ನಾನು ಮಾಡಿದ್ದೇನೆ, ಅದು ಒಂಬತ್ತು ದಿನ ನಡೆಯಿತು. ಡಬ್ಬಿಯ ಮೇಲೆ ತೆರೆದ ತಾರೀಖು ಬರೆಯುವುದು ಇಂದಿಗೂ ನಡೆಯುತ್ತಿದೆ.

ವ್ಯಾಯಾಮದ ವಿಷಯದಲ್ಲಿ ನಾನು ಮಾಡಿದ ಬದಲಾವಣೆ ಒಂದೇ: ನಿಯಮವನ್ನು ಒಳ್ಳೆಯ ದಿನಕ್ಕಲ್ಲ, ಕೆಟ್ಟ ದಿನಕ್ಕೆ ಹೊಂದಿಸಿದೆ. ನಮ್ಮಲ್ಲಿ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ರಾತ್ರಿ ಕರೆಂಟು ಹೋದರೆ ನಿದ್ದೆಯೂ ಇಲ್ಲ. ಅಂಥ ದಿನ ಐವತ್ತು ನಿಮಿಷದ ನಡಿಗೆ ನಡೆಯುವುದಿಲ್ಲ, ಮಾಳಿಗೆಯ ಮೇಲೆ ಹತ್ತು ನಿಮಿಷದ್ದು ನಡೆಯುತ್ತದೆ. ಆದ್ದರಿಂದ ನನ್ನ ಕಡ್ಡಾಯ ಹತ್ತು ನಿಮಿಷ ಮಾತ್ರ. ಉಳಿದ ದಿನಗಳಲ್ಲಿ ಬೆಳಗಿನ ಐದೂವರೆಗೆ ನಮ್ಮೂರಿನ ‘ಅಪ್ಪನ ಕೆರೆ’ಯ ಸುತ್ತ ನಡೆದು, ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರದ 150 ನಿಮಿಷವನ್ನು ದಾಟುತ್ತೇನೆ. ವಾರಕ್ಕೆ ಮೂರು ದಿನ ಬಸ್ಕಿ ಮತ್ತು ದಂಡ. ಊಟ ಮಾತ್ರ ಕಡಿಮೆ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿ, ಒಂದು ಅಭ್ಯಾಸ ತಾನಾಗಿಯೇ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕೆಂದು ಕಂಡರು. ಆದರೆ ವ್ಯತ್ಯಾಸ 18ರಿಂದ 254 ದಿನಗಳವರೆಗೆ ಇತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ ಎಂಬುದೇ ನನಗೆ ಹೆಚ್ಚು ಉಪಯೋಗಕ್ಕೆ ಬಂದ ಮಾತು. ನಾನು ಐವತ್ತಕ್ಕೇ ಕೈಚೆಲ್ಲಿದ್ದೆನಲ್ಲ!

82 ಕಿಲೋಗೆ ಬಂದಾಗ ಏಳು ವಾರ ಮುಳ್ಳು ಅಲುಗಲಿಲ್ಲ. ಹಗುರಾದ ದೇಹಕ್ಕೆ ಕಡಿಮೆ ಶಕ್ತಿ ಸಾಕು, ಗೊತ್ತಿಲ್ಲದೆಯೇ ಓಡಾಟವೂ ಕಡಿಮೆಯಾಗುತ್ತದೆ. ಮೊದಲು ತೂಕ ಇಳಿಸುತ್ತಿದ್ದ ಊಟವೇ ಈಗ ಇದ್ದ ತೂಕವನ್ನು ಉಳಿಸುವ ಊಟವಾಗಿತ್ತು. ರಾತ್ರಿಯ ಅನ್ನವನ್ನು ಅರ್ಧ ಮಾಡಿ, ಆ ಜಾಗಕ್ಕೆ ಗಟ್ಟಿ ತೊಗರಿಬೇಳೆ ಮತ್ತು ಪುಂಡಿಪಲ್ಯವನ್ನು ತಂದೆ. ತೊಗರಿಯ ನಾಡಿನಲ್ಲಿ ಪ್ರೋಟೀನ್ ಪುಡಿಯ ಡಬ್ಬಿಗೆ ಹಣ ಸುರಿಯುವ ಮನಸ್ಸಾಗಲಿಲ್ಲ.

ಈಗ ತೂಕ 79 ಕಿಲೋ, ಸೊಂಟ 91. ಈ ವರ್ಷದ ಜಾತ್ರೆಯಲ್ಲೂ ಎರಡು ಮಾಲ್ಪುರಿ ತಿಂದೆ. ಮರುದಿನ ತೂಕ ಒಂದು ಕಿಲೋ ಮೇಲೆ ತೋರಿಸಿತು. ಅದನ್ನು ಬರೆದಿಟ್ಟು, ಬೂಟು ಹಾಕಿಕೊಂಡು ಕೆರೆಯ ಕಡೆ ಹೊರಟೆ.